ದೇವರ ಖೋಲಿಯ ಮೇಲಿನ ಟಬ್ಬು

ಬಿಳಿ ಟಬ್ಬನ್ನು ನಾಲ್ಕು ಜನ ಹೊತ್ತು ಮೆಟ್ಟಿಲೇರುವಾಗಲೇ ಕೆಳಮನೆಯ ಕರಿಬಸಯ್ಯ ಬಾಗಿಲು ತೆರೆದು ನೋಡಿದ್ದ. ಆಗ ತುಟಿ ಬಿಚ್ಚಲಿಲ್ಲ. ಟಬ್ಬು ಬಚ್ಚಲಿನ ನಡುವೆ ಕೂತು, ಮೇಸ್ತ್ರಿ ರಹಿಮಾನ್ ಅದರ ಪೈಪನ್ನು ಗೋಡೆಯಾಚೆಯ ದೊಡ್ಡ ಕೊಳವೆಗೆ ಸೇರಿಸಲು ಡ್ರಿಲ್ ಎತ್ತಿಕೊಂಡ ಮೇಲೆ ಮೆಟ್ಟಿಲೇರಿ ಬಂದ. ಕೆಡಿಸುವ ಕೆಲಸಕ್ಕೂ ಹೊತ್ತು ಗೊತ್ತು ನೋಡುವವರು ಇರುತ್ತಾರೆ.

"ನಿಲ್ಲಸೋ ರಹಿಮಾನ್. ಆ ದೊಡ್ಡ ಪೈಪು ನಮ್ಮ ಗ್ವಾಡಿ ಮ್ಯಾಲ ಇಳದೈತಿ. ಅದಕ್ಕ ಕೈ ಹಚ್ಚಬ್ಯಾಡ."

ರಹಿಮಾನ್ ಯಶೋಧರಾಳ ಮುಖ ನೋಡಿದ. ಟಬ್ಬಿನ ನೀರು ಹೋಗಲು ಬೇರೆ ದಾರಿಯೇ ಇರಲಿಲ್ಲ. ಸಿಂಧನೂರಿನ ಈ ಮೇಲ್ಮನೆಯನ್ನು ಅವಳು ಕರಿಬಸಯ್ಯನ ತಮ್ಮ ಶಿವಕಾಂತನಿಂದಲೇ ಕೊಂಡಿದ್ದಳು. ತಾಯಿ ಯಮನಮ್ಮನ ಮಂಡಿ ಕೆಟ್ಟುಹೋಗಿತ್ತು. ಬಿಸಿನೀರಿನಲ್ಲಿ ಕಾಲು ಚಾಚಿ ಕೂತರೆ ಮಾತ್ರ ನೋವು ಇಳಿಯುತ್ತಿತ್ತು. ಮುದುಕಿಯನ್ನು ಹಿಡಿದು ಇಳಿಸಲು ಎರಡೂ ಬದಿಗೆ ಜನ ನಿಲ್ಲಬೇಕು, ಅದಕ್ಕೇ ಗೋಡೆಗೆ ಅಂಟದ ಟಬ್ಬು. ಷೋಕಿ ಎಂದು ಆಡಿಕೊಂಡವರಿಗೆಲ್ಲ ಇದನ್ನು ವಿವರಿಸಿ ಅವಳು ಸಾಕಾಗಿದ್ದಳು.

"ಯಾಕ ಕೈ ಹಚ್ಚಬಾರದ್ರಿ?"

"ಭಾರ ಆಗ್ತೈತವಾ. ನೀರು ತುಂಬಿದ ಮ್ಯಾಲ ಸ್ಲ್ಯಾಬ್ ತಡೀತೈತೇನು? ಕೆಳಗ ನಾವು ಸಾಯಬೇಕೇನು?"

"ನಿಮ್ಮ ತಮ್ಮ ಇದೇ ಬಚ್ಚಲ ಅಟ್ಟದ ಮ್ಯಾಲ ವರ್ಷದ ಅಕ್ಕಿ ಚೀಲ ಪೇರಸಿದ್ರು. ಆ ಅಟ್ಟ ಮೊನ್ನಿ ಒಡದೀವಿ. ಆವಾಗ ಭಾರ ಆಗಿದ್ದಿಲ್ಲೇನ್ರಿ?"

"ಅದು ಅಕ್ಕಿ. ಇದು ಮೈ ತೊಳದ ನೀರು. ಇದರ ಕೆಳಗ ನಮ್ಮ ದೇವರ ಖೋಲಿ ಐತಿ."

"ನಿಮ್ಮ ತಮ್ಮನೂ ಇಲ್ಲೇ ಜಳಕ ಮಾಡ್ತಿದ್ರಲ್ರಿ?"

"ಅವನ ಮಾತು ಬ್ಯಾರೆ."

"ಏನು ಬ್ಯಾರೆ? ಬಾಯಿ ಬಿಟ್ಟು ಹೇಳ್ರಿ."

ಹೇಳುವ ಅಗತ್ಯವೇನು ಎಂಬಂತೆ ಕರಿಬಸಯ್ಯ ರಹಿಮಾನ್ ಕಡೆ ತಿರುಗಿ ಸಣ್ಣಗೆ ನಕ್ಕ. ಭಾರವಂತೆ, ದೇವರಂತೆ! ಜಾತಿ ಎಂಬ ಎರಡಕ್ಷರವನ್ನು ನಾಲಗೆಗೆ ತರದಿರಲು ಮನುಷ್ಯ ಎಷ್ಟೆಲ್ಲ ಕಸರತ್ತು ಮಾಡುತ್ತಾನೆ! ಯಶೋಧರಾಳಿಗೆ ಮೈಯೆಲ್ಲ ಉರಿದುಹೋಯಿತು. ಬೆಳೆ ಸಾಲಕ್ಕೆಂದು ಬ್ಯಾಂಕಿಗೆ ಬಂದಾಗ ಇದೇ ಮನುಷ್ಯ ಅವಳ ಮೇಜಿನ ಮುಂದೆ "ಮೇಡಂ, ಮೇಡಂ" ಎನ್ನುತ್ತಾ ಕೈಕಟ್ಟಿ ನಿಲ್ಲುತ್ತಿದ್ದ.

"ನಾ ಏನು ಜಳಕ ಮಾಡಬ್ಯಾಡ್ರಿ ಅಂದೀನೇನು?" ಎಂದ ಅವನು, ದೊಡ್ಡ ಉಪಕಾರ ಮಾಡುವವನ ಹಾಗೆ. "ನಾಕು ತಂಬಿಗಿ ಸುರಕೊಂಡು ಎದ್ರ ಮುಗೀತು. ನಮ್ಮ ದೇವರ ತಲಿ ಮ್ಯಾಲ ಕಾಲು ಚಾಚಿ ಕುಂದ್ರೋ ಸಡಗರ ನಿಮಗ್ಯಾಕ?"

ಹೊರಗಿನ ಕುರ್ಚಿಯಲ್ಲಿದ್ದ ಯಮನಮ್ಮ ಗೋಡೆ ಹಿಡಿದು ಎದ್ದಳು. ಮಗಳು ಕೈ ಕೊಡಲು ಹೋದರೆ ಬೇಡವೆಂದಳು. ಒಂದೊಂದೇ ಹೆಜ್ಜೆ ಇಟ್ಟು ಬಂದು ಟಬ್ಬಿನ ಅಂಚು ಹಿಡಿದು ನಿಂತಳು.

"ಸಾವಕಾರ್ರ, ನನ್ನ ಗುರ್ತು ಹತ್ತಲಿಲ್ಲ ಕಾಣ್ತೈತಿ. ಹತ್ತೋದಾದ್ರೂ ಹ್ಯಾಂಗ? ನಾಟಿ ಹಚ್ಚೋರ ಬೆನ್ನಷ್ಟ ನೋಡಿದೋರು ನೀವು, ಮಾರಿ ಯಾವಾಗ ನೋಡೀರಿ? ತುರ್ವಿಹಾಳದಾಗ ನಿಮ್ಮ ಗದ್ದಿ ನೀರಾಗ ನಿಂತು ನಿಂತೇ ಈ ಮಣಕಾಲು ಹೋಗ್ಯಾವ."

ಕರಿಬಸಯ್ಯನ ನಗು ಇಂಗಿತು. ರಹಿಮಾನ್ ಡ್ರಿಲ್ಲನ್ನು ನೆಲಕ್ಕಿಡದೆ ಹಾಗೆಯೇ ಹಿಡಿದು ನಿಂತಿದ್ದ.

"ನನ್ನ ಕಾಲು ತೊಳದ ನೀರು ಕುಡದೇ ನಿಮ್ಮ ನೆಲ್ಲು ಬೆಳದೈತಿ," ಎಂದಳು ಯಮನಮ್ಮ. "ಅದೇ ಅಕ್ಕಿ ಅನ್ನ ಮಾಡಿ ಇಷ್ಟು ವರ್ಷ ನಿಮ್ಮ ದೇವರಿಗೆ ಎಡಿ ಹಿಡದೀರಿ. ಒಂದು ದಿನಾನರ ಅವ ಒಲ್ಲೆ ಅಂದಾನೇನ್ರಿ?"