ಸುಕ್ಕಗಲ್ಲು

ಎಳ್ಳಮಾಸಿ ಹಬ್ಬ ಮುಗಿದ ಮರುದಿನ ಮುಂಜಾನೆ, ಬಿಸಿಲು ಇನ್ನೂ ಮಾಳಿಗೆಯಿಂದ ಅಂಗಳಕ್ಕೆ ಇಳಿದಿರಲಿಲ್ಲ. ಕರಜಗಿಯ ನಿಂಬೆವ್ವ ಅಂಗಳದ ಬಚ್ಚಲಗಲ್ಲಿನ ಮೇಲೆ ಮೊಮ್ಮಗಳು ಸುವರ್ಣಾಳನ್ನು ಕೂಡಿಸಿ ತಲೆಗೆ ಎರೆಯುತ್ತಿದ್ದಳು. ಕೈಯಲ್ಲಿ ಅಕ್ಕರೆ ಇತ್ತು, ಬಾಯಿ ಮಾತ್ರ ಬಿಗಿದಿತ್ತು.

ಸುವರ್ಣಾ ಕಲ್ಲುಮಣ್ಣಿನ ವಿದ್ಯೆ ಓದಿದವಳು. ಸಮುದ್ರದ ತಳದ ಕಂದಕ ಅಳೆಯಲು ಹೊರಟ ಹಡಗಿಗೆ ಅವಳನ್ನು ಆರಿಸಿದ್ದರು. ಅಜ್ಜಿ ಉಡಿ ತುಂಬದೆ ಆ ಮನೆಯ ಹೆಣ್ಣುಮಗಳು ದೂರದ ದಾರಿ ಹಿಡಿದದ್ದಿಲ್ಲ. ಕಾಲೂರಲು ನೆಲವಿದ್ದ ಕಡೆಗಷ್ಟೇ ಉಡಿ ತುಂಬಿ ಕಳಿಸುವುದು, ನೀರಿನ ಮೇಲೆ ಕಳಿಸುವುದಿಲ್ಲ ಎಂದು ನಿಂಬೆವ್ವ ಕೂತುಬಿಟ್ಟಿದ್ದಳು. ಅಜ್ಜಿ ಒಲ್ಲೆನೆಂದರೆ ಸುವರ್ಣಾಳ ಬದಲು ಹಡಗಿಗೆ ಬೇರೊಬ್ಬರು ಹತ್ತುವರು.

ಮಜ್ಜಿಗೆ ಕೊಡಲು ಬಂದ ಬಾಜೂ ಮನೆಯ ಗುರುಶಾಂತಮ್ಮ ಬಚ್ಚಲದ ಕಡೆ ನೋಡಿ ನಕ್ಕಳು. ಅದು ಹಳೆಯ ನಗು. ನಿಂಬೆವ್ವ ಮದುವೆಯಾಗಿ ಬಂದ ವರ್ಷ ಗಂಡ ಚಂದಪ್ಪ ಜೇವರ್ಗಿ ಕಡೆಯ ಖಣಿಯಿಂದ ಈ ಪರಸಿ ಹಾಸುಗಲ್ಲನ್ನು ಬಂಡಿಯಲ್ಲಿ ಹೇರಿಕೊಂಡು ಬಂದಿದ್ದ. ಮೈತುಂಬ ಗೆರೆ ಎದ್ದಿದೆಯೆಂದು ಯಾರೂ ಒಯ್ಯದೆ ಬಿಟ್ಟ ಕಲ್ಲು. ಕಾಲು ಜಾರುವುದಿಲ್ಲವೆಂದು ಅವನು ಬಚ್ಚಲಕ್ಕೆ ಹಾಸಿದ.

"ಇನ್ನೂ ಆ ಸುಕ್ಕಗಲ್ಲಿನ ಮ್ಯಾಲೇ ಎರೀತೀ ಏನ ಬೇ? ಹಡಗ ಏರೂ ಹುಡುಗಿ, ನಮ್ಮ ನುಣ್ಣನ ಪರಸಿ ಮ್ಯಾಲರ ಎರೀಬಾರದೇನು?" ಅಂದಳು ಗುರುಶಾಂತಮ್ಮ.

ಸುವರ್ಣಾ ಕಣ್ಣಿಗಿಳಿದ ಸೀಗೆಕಾಯಿ ನೊರೆ ಒರೆಸಿಕೊಂಡು ಕೆಳಗೆ ನೋಡಿದಳು. ಹುಟ್ಟಿದಾಗಿನಿಂದ ಕಣ್ಣು ಮುಚ್ಚಿಯೇ ಆ ಕಲ್ಲಿನ ಮೇಲೆ ಕೂತವಳು. ಓರೆ ಬಿಸಿಲು ಆಗಷ್ಟೇ ಇಳಿದು, ಒಂದೊಂದು ಗೆರೆಗೂ ನೆರಳು ಹಿಡಿದಿತ್ತು.

"ಆಯಿ, ಇದು ಸುಕ್ಕಲ್ಲ. ಭೀಮಾ ಹೊಳಿ ಉಸುಕಿನ ಮ್ಯಾಲ ತೆರಿ ಗೆರಿ ಕೊರೀತದಲ್ಲ, ಹಂಗ. ಮನುಷ್ಯಾ ಹುಟ್ಟೂಕಿಂತ ಎಷ್ಟೋ ಮೊದಲ ಇಲ್ಲಿ ಸಮುದ್ರ ಇತ್ತು. ಅದರ ನೆಲ ಇದು. ನಾ ಕೂಸಿದ್ದಾಗಿಂದ ನನಗ ಸಮುದ್ರದ ತಳದಾಗೇ ಎರದೀ ನೀ."

ನಿಂಬೆವ್ವ ಚಂಬು ಕೆಳಗಿಟ್ಟು ಕಲ್ಲಿನ ಮೇಲೆ ಅಂಗೈ ಆಡಿಸಿದಳು. ಅರಿವೆ ಒಗೆಯಲು ಹೋದಾಗೆಲ್ಲ ಹೊಳೆಯ ದಂಡೆಯಲ್ಲಿ ತುಳಿದ ಗೆರೆಗಳೇ. ಹಾಗಾದರೆ ಆ ಕಂದಕಕ್ಕೂ ನೆಲ ಇದೆಯೇ ಎಂದು ಕೇಳಿದಳು.

"ಅದ ಆಯಿ. ಕೌದಿ ಕೆಳಗ ಕೌದಿ ಸರಿದಂಗ, ನೆಲದ ಕೆಳಗ ನೆಲ ಸರಿಯೂ ಜಾಗ ಅದು."

ನಿಂಬೆವ್ವ ಸೊಂಟ ನೆಟ್ಟಗೆ ಮಾಡಿ ನಿಂತಳು. "ಗುರುಶಾಂತಮ್ಮಾ, ನಿಮ್ಮ ಪರಸಿ ನುಣ್ಣಗ ಅದರಿ, ಖರೆ. ತವರಿನ ಗುರುತ ಉಳದಿಲ್ಲ ಅದಕ, ಅಷ್ಟ."

ಗುರುಶಾಂತಮ್ಮ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಮೆಲ್ಲಗೆ ಆ ಕಲ್ಲಿನ ಮೇಲೆ ಒಂದು ಕಾಲಿಟ್ಟು ನೋಡಿದಳು.

ಶುಕ್ರವಾರ ಮನೆಮಗಳನ್ನು ಹೊಸ್ತಿಲು ದಾಟಿಸಬಾರದೆಂದು ನಿಂಬೆವ್ವ ಗುರುವಾರವೇ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣಬೇರು. ಎಲ್ಲದರ ಮೇಲೆ ಬಚ್ಚಲಗಲ್ಲಿನ ಮೂಲೆಯಿಂದ ಎಬ್ಬಿಸಿದ ಒಂದು ಚೂರು.

"ಇದು ತವರ ಬಿಟ್ಟು ಬಾಳ ದಿನ ಆಗ್ಯಾದ. ಒಮ್ಮಿ ತೋರಿಸಿಕೊಂಡ ಬಾ."

ಆ ಗುರುವಾರ ಸಂಜೆಯ ಬಸ್ಸಿಗೆ, ಸುವರ್ಣಾಳೂ ಉಡಿಯ ಕಲ್ಲೂ ಸೇರಿ, ಕರಜಗಿಯಿಂದ ಸಮುದ್ರಕ್ಕೆ ಇಬ್ಬರು ಹೊರಟರು.