ಒಂದಿಂಚು ಕೂದಲು

"ನಿನ್ನ ತಲೆ ದಪ್ಪ ಆಗಿದೆ," ಎಂದಳು ವಿಗ್ಗಿನಂಗಡಿಯ ಹಿಂಡಾ, ಫ್ರೇಡಲಳ ವಿಗ್ಗನ್ನು ಎರಡೂ ಕಡೆ ಹಿಡಿದು ಜಗ್ಗುತ್ತ. "ಕೆಳಗೆ ಇಳೀತಾನೇ ಇಲ್ಲ."

"ತೆಗೆದು ನೋಡಿ ಆಂಟಿ."

ಹಿಂಡಾ ವಿಗ್ ಎತ್ತಿದಳು. ಒಳಗೆ ಒಂದಿಂಚು ಕಪ್ಪು ಕೂದಲು, ಕುರಿಮರಿಯ ಮೈಯಂತೆ ಸುರುಳಿ ಸುರುಳಿಯಾಗಿ ಎದ್ದು ನಿಂತಿತ್ತು. ಅವಳು ಸ್ಟೂಲ್ ಎಳೆದುಕೊಂಡು ಕೂತುಬಿಟ್ಟಳು. ಹೋದ ವರ್ಷ ಇದೇ ಕುರ್ಚಿಯಲ್ಲಿ, ಕೀಮೋಗೆ ಬೋಳಾದ ತಲೆಯ ಮೇಲೆ ನಿಲ್ಲಲೆಂದು ಇದೇ ವಿಗ್ಗನ್ನು ಒಳಗಿನಿಂದ ಬಿಗಿ ಮಾಡಿ ಹೊಲಿದವಳು ಅವಳು. ಮನೆಯವರನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೇ. ಬರೋ ಪಾರ್ಕ್ ಎಂಬ ಆ ಯಹೂದಿ ಬಡಾವಣೆಯಲ್ಲಿ ಮದುವೆಯಾದ ಹೆಂಗಸರೆಲ್ಲ, ಸಂಪ್ರದಾಯದಂತೆ, ಸ್ವಂತ ಕೂದಲು ಹೊರಗಿನವರಿಗೆ ಕಾಣದ ಹಾಗೆ ವಿಗ್ ಹಾಕಿ ತಲೆ ಮುಚ್ಚುವವರೇ. ಬೀದಿಯಲ್ಲಿ ಫ್ರೇಡಲಳನ್ನು ಯಾರೂ ಎರಡನೇ ಸಲ ತಿರುಗಿ ನೋಡಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ. ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದರು. ತಾಯಿಗೆ ಕ್ಯಾನ್ಸರ್ ಎಂದು ತಿಳಿದರೆ ಬಂದ ಸಂಬಂಧವೂ ಹಿಂದೆ ಸರಿದೀತು.

ಪರದೆಯ ಆಚೆ ಯಾರೋ ಬಿಕ್ಕುತ್ತಿದ್ದರು.

"ಮದುಮಗಳು, ಬ್ಲಿಮಾ ಅಂತ. ಮಂಗಳವಾರ ಮದುವೆ," ಹಿಂಡಾ ಪಿಸುಗುಟ್ಟಿದಳು. "ಹೊಸ ವಿಗ್ ಹಾಕಿದ್ದೇ ತಡ, ಅಳು ಶುರು."

"ನಂಗೆ ಕೇಳಿಸುತ್ತೆ ಆಂಟಿ," ಎಂದಿತು ಆಚೆಯ ದನಿ. "ಬುಧವಾರದಿಂದ ನನ್ನ ಕೂದಲು ಇದ್ದೂ ಇಲ್ಲದ ಹಾಗೆ. ಅಳಬಾರದಾ?"

ಫ್ರೇಡಲಳಿಗೆ ನಗು ಬಂತು. ಮೇಜಿನ ಮೇಲಿದ್ದ ವಿಗ್ಗಿಗೆ ಕೈ ಹಾಕಿದಳು, ಒಂದು ಕ್ಷಣ ತಡೆದಳು. ಅದನ್ನು ಅಲ್ಲೇ ಬಿಟ್ಟು, ಎದ್ದು ಹೋಗಿ ಪರದೆ ಸರಿಸಿದಳು.

"ನಾನು ಒಂದು ವರ್ಷ ಇಲ್ಲದೇನೇ ಇದ್ದ ಹಾಗೆ ಓಡಾಡಿದೀನಿ ಕಣಮ್ಮ. ನೋಡು."

ಹುಡುಗಿಗೆ ಹತ್ತೊಂಬತ್ತಿರಬಹುದು. ಸೊಂಟ ದಾಟುವ ಕೆಂಪು ಜಡೆ ಹೆಗಲ ಮೇಲಿಂದ ಇಳಿದು ಮಡಿಲಲ್ಲಿ ಬಿದ್ದಿತ್ತು. ಅವಳು ಆ ತಲೆಯನ್ನು ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಈಗ ವಾಸಿಯಾಯ್ತಾ ಅಕ್ಕ?"

"ಹೋದ ವಾರ ಡಾಕ್ಟರು ಹಂಗಂತ ಹೇಳಿದ್ರು. ಬೀದಿಗೆಲ್ಲಾ ಕೂಗಿ ಹೇಳ್ಬೇಕು ಅನ್ಸುತ್ತೆ. ಆದ್ರೆ ಹೇಳೋ ಹಾಗೂ ಇಲ್ಲ, ತೋರ್ಸೋ ಹಾಗೂ ಇಲ್ಲ."

"ನನ್ನ ಬಾಯಿಂದ ಹೊರಗೆ ಹೋಗಲ್ಲ," ಎಂದ ಬ್ಲಿಮಾ ಕಣ್ಣೊರೆಸಿಕೊಂಡಳು. "ಮುಟ್ಲಾ?"

ಫ್ರೇಡಲ್ ತಲೆ ಬಗ್ಗಿಸಿದಳು. ಹುಡುಗಿ ಸುರುಳಿಗಳಲ್ಲಿ ಬೆರಳಾಡಿಸಿದಳು.

"ಮೊದಲೂ ಹೀಗೇ ಗುಂಗುರಾಗಿತ್ತಾ?"

"ಕಡ್ಡಿ ಹಾಗೆ ನೆಟ್ಟಗಿತ್ತು. ನಮ್ಮನೆಯವರಿಗೆ ಇನ್ನೂ ನಂಬಿಕೆ ಬಂದಿಲ್ಲ. ದಿನಾ ಬೆಳಿಗ್ಗೆ ಮಕ್ಕಳ ಸ್ಕೇಲ್ ತಂದು ಅಳೀತಾರೆ. ನಿನ್ನೆಗೆ ಒಂದಿಂಚು ಆಯ್ತು ಅಂತ ತಿಂಡಿ ಅವರೇ ಮಾಡಿದ್ರು."

"ಅವರೊಬ್ಬರೇ ನೋಡೋದಾ?"

"ಇನ್ಯಾರಿಗೆ ತೋರಿಸ್ಲಿ?"

ಬ್ಲಿಮಾ ಮಡಿಲಲ್ಲಿದ್ದ ಜಡೆಯನ್ನು ನೋಡಿದಳು. ಅವಳ ಕೆನ್ನೆ ನಿಧಾನವಾಗಿ ಜಡೆಯಷ್ಟೇ ಕೆಂಪಾಯಿತು.

"ನಿನ್ನವನಿಗೆ ಸ್ಕೇಲ್ ಸಾಲಲ್ಲ ಬಿಡು," ಎನ್ನುತ್ತ ಹಿಂಡಾ ಕೊರಳಲ್ಲಿ ತೂಗುತ್ತಿದ್ದ ಅಳತೆಯ ಟೇಪನ್ನು ತೆಗೆದು ಹುಡುಗಿಯ ಮಡಿಲಿಗೆ ಹಾಕಿದಳು. "ಇದನ್ನ ಇಟ್ಕೋ."