ಆಚೆ ಬಿದ್ದ ಚರಗ

ಸೀಗಿ ಹುಣ್ಣಿಮೆಯ ದಿನ ಚಿದಾನಂದಪ್ಪ ಚರಗದ ಎಡೆ ತುಂಬಿದ ಪುಟ್ಟಿಯನ್ನು ಹಿರಿಸೊಸೆಗೆ ಕೊಡದೆ ಕಿರಿಸೊಸೆಯ ಕೈಗೆ ಕೊಟ್ಟರು. ಆಗಲೇ ಮುಂದೆ ಚಾಚಿದ್ದ ಸುಮಂಗಲಾಳ ಕೈ ಹಾಗೇ ಉಳಿಯಿತು. ಅತ್ತೆ ತೀರಿಕೊಂಡ ಮೇಲೆ ಸಿರುಗುಪ್ಪದ ಈ ಗದ್ದೆಗೆ ಪ್ರತಿ ವರ್ಷ ಚರಗ ಚೆಲ್ಲಿದವಳು ಅವಳೇ.

“ಈ ಸಲ ಅಕ್ಷಿತಾ ಚೆಲ್ಲಲಿ ಬಿಡವ್ವಾ, ಭಾಳ ಆಸಿ ಮಾಡ್ಯಾಳ. ಹಿಂದ ನೀರು ನೀ ಹಾಕು.”

“ಆತು ಬಿಡ್ರಿ ಮಾವ. ಕೆಸರು ತುಳಿಯಾಕ ನಾನು, ದೇವ್ರನ್ನ ನೋಡಾಕ ಆಕಿ” ಎಂದು ಸುಮಂಗಲಾ ನಕ್ಕಳು. ಚಿದಾನಂದಪ್ಪ ಕೇಳಿಸದವರಂತೆ ರುಮಾಲು ಸುತ್ತಿಕೊಂಡು ಬೇವಿನ ಮರದ ಕಡೆ ನಡೆದರು.

ಅಕ್ಷಿತಾ ಇರುವುದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಗಂಡನ ಮೆಡಿಕಲ್ ಶಾಪಿನ ಮೇಲಿನ ಮನೆಯಲ್ಲಿ. ಹೊಲಕ್ಕೆ ಬರುವುದು ಹಬ್ಬಕ್ಕೊಮ್ಮೆ. ಆ ದಿನ ಬೆಳಿಗ್ಗೆ ಬಂದವಳೇ ಬದುವಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದಳು. ತೆರೆದಾಗ ಕಣ್ಣುಗಳು ಒದ್ದೆಯಾಗಿದ್ದವು. “ಅಕ್ಕಾ, ಇಲ್ಲಿ ಕುಂತ್ರ ಯಾರೋ ತಲಿ ಮ್ಯಾಲೆ ಕೈ ಇಟ್ಟಂಗ ಆಗ್ತೈತ್ರಿ. ನಿಮಗ ದಿನಾ ಹಂಗ ಆಗ್ತೈತಲ್ಲಾ?” ಎಂದು ಕೇಳಿದ್ದಳು.

“ನನಗ ದಿನಾ ಸೊಂಟ ನೋಯ್ತೈತಿ” ಎಂದಿದ್ದಳು ಸುಮಂಗಲಾ. ಎಲ್ಲರೂ ನಕ್ಕಿದ್ದರು. ಕುರುಗೋಡಿನ ಬೆಟ್ಟದ ಬುಡದಿಂದ ಸೊಸೆಯಾಗಿ ಬಂದ ವರ್ಷವೇ ಅವಳು ಈ ಕೆಸರಿಗೆ ಇಳಿದವಳು. ನಾಟಿ ಮಾಡಿದ್ದಳು, ಕಳೆ ತೆಗೆದಿದ್ದಳು. ಅವಳ ತಲೆಯ ಮೇಲೆ ಯಾರೂ ಕೈ ಇಟ್ಟಿರಲಿಲ್ಲ. ಪುಟ್ಟಿ ಹೋದದ್ದಕ್ಕಿಂತ ಆ ಒದ್ದೆ ಕಣ್ಣುಗಳೇ ಅವಳನ್ನು ಹೆಚ್ಚು ಸುಟ್ಟವು.

ಗದ್ದೆ ಹೊಡೆ ಕಟ್ಟಿತ್ತು. ತೆನೆ ಇನ್ನೂ ಪೈರಿನ ಒಡಲೊಳಗಿತ್ತು. ಬಸುರಿ ಭೂಮಿಯನ್ನು ತುಳಿಯಬಾರದೆಂದು ಈ ದಿನಗಳಲ್ಲಿ ಯಾರೂ ಗದ್ದೆಗೆ ಇಳಿಯುವುದಿಲ್ಲ. ಆ ಬಸುರಿಯ ಬಯಕೆಯ ಊಟವೇ ಈ ಚರಗ. ಕಡುಬು, ಸಜ್ಜೆ ರೊಟ್ಟಿ, ಕುಂಬಳಕಾಯಿ ಪಲ್ಯ ಕಲಸಿ ಬದುವಿನ ಮೇಲಿಂದಲೇ ಚೆಲ್ಲಬೇಕು. ಮುಂದಿನವರು “ಹುಲ್ಲುಲ್ಲಿಗೋ” ಎಂದು ಚೆಲ್ಲಿದರೆ ಹಿಂದಿನವರು “ಸಲಾಂಬ್ರಿಗೋ” ಎಂದು ನೀರು ಹಾಕಬೇಕು.

“ಹುಲ್ಲುಲ್ಲಿಗೋ!” ಅಕ್ಷಿತಾಳ ದನಿ ನಡುಗುತ್ತಿತ್ತು.

“ಸಲಾಂಬ್ರಿಗೋ” ಎಂದಳು ಸುಮಂಗಲಾ, ಸಂತೆಯಲ್ಲಿ ದರ ಹೇಳುವವಳಂತೆ.

ಮೂಡಣ ಮೂಲೆಯಲ್ಲಿ ಗಡಿಕಲ್ಲಿತ್ತು. ಅದರಾಚೆಗಿನದು ಗಾದಿಲಿಂಗನ ಗದ್ದೆ. ಕಾಲುವೆ ನೀರಿನ ಪಾಳಿಯ ಜಗಳದಿಂದ ಎರಡೂ ಮನೆಗಳ ನಡುವೆ ಮಾತು ನಿಂತಿತ್ತು. ಅವನ ಗದ್ದೆಯಲ್ಲಿ ಬೆಳ್ಳಕ್ಕಿಗಳು ಕುಳಿತಿದ್ದವು. “ಪಾಪ, ಅವಕ್ಕೂ ಇರ್ಲಿ” ಎಂದುಕೊಂಡು ಅಕ್ಷಿತಾ ಕೈತುಂಬ ಎತ್ತಿದಳು. ಅವಳಿಗೆ ಕಣ್ಣು ಹಾಯುವಷ್ಟೂ ಒಂದೇ ಹಸಿರು.

ನಮ್ಮ ಚರಗ ಇನ್ನೊಬ್ಬರ ಹೊಲಕ್ಕೆ ಬಿದ್ದರೆ ನಮ್ಮ ಬೆಳೆಯ ಹುಲುಸು ಅತ್ತ ಹೋಗುತ್ತದೆ ಎಂದು ಚಿದಾನಂದಪ್ಪ ವರ್ಷವೂ ಎಚ್ಚರಿಸುತ್ತಿದ್ದರು. ಸುಮಂಗಲಾ ಬಾಯಿ ತೆರೆದಳು. ಮಾವ ಇದನ್ನು ನೋಡಿದರೆ ಪುಟ್ಟಿ ಮತ್ತೆಂದೂ ಬ್ರೂಸ್‌ಪೇಟೆಯವಳ ಕೈಗೆ ಹೋಗುವುದಿಲ್ಲ ಎನಿಸಿತು. ಬಾಯಿ ಮುಚ್ಚಿದಳು.

“ಹುಲ್ಲುಲ್ಲಿಗೋ!”

ಬೆಳ್ಳಕ್ಕಿಗಳು ಎದ್ದವು. ಚರಗ ಗಾದಿಲಿಂಗನ ಪೈರಿನ ನಡುವೆ ಬಿತ್ತು. ಸುಮಂಗಲಾ “ಸಲಾಂಬ್ರಿಗೋ” ಎನ್ನಲಿಲ್ಲ, ನೀರೂ ಹಾಕಲಿಲ್ಲ. ಆದರೆ ಇದೆಲ್ಲ ಬರೀ ಪದ್ಧತಿ ಎಂದುಕೊಂಡಿದ್ದವಳಿಗೆ, ತನ್ನ ಗದ್ದೆಯ ಜೀವವೇ ಎದ್ದು ಬದು ದಾಟಿ ಹೋದಂತೆ ಕಂಡಿತು.

“ಅಕ್ಕಾ, ನೀವು ಅನ್ಲಿಲ್ಲ?”

“ಗಂಟ್ಲು ಒಣಗೈತಿ. ನೀ ಮುಂದ ನಡಿ, ಬರ್ತೀನಿ.”

ಅಕ್ಷಿತಾ ಬೇವಿನ ಮರದ ಕಡೆ ಹೋದಳು. ಸುಮಂಗಲಾ ಸೀರೆ ಎತ್ತಿಕಟ್ಟಿ, ಸುತ್ತ ಒಮ್ಮೆ ನೋಡಿ, ನೀರಿನ ತಂಬಿಗೆ ಹಿಡಿದೇ ಗಾದಿಲಿಂಗನ ಗದ್ದೆಗೆ ಇಳಿದಳು. ಬಿದ್ದದ್ದನ್ನು ಹೆಕ್ಕಿ ತರಬೇಕಿತ್ತು. ಒಂದು ಕಡುಬು ಸಿಕ್ಕಿತು. ಉಳಿದದ್ದು ನೀರಲ್ಲಿ ಚದುರಿತ್ತು. ಸಣ್ಣ ಮೀನುಗಳು ಅದನ್ನು ಕಚ್ಚಿ ಎಳೆಯುತ್ತಿದ್ದವು. ಅವಳು ಕೈಯಿಟ್ಟಾಗ ಬೆರಳನ್ನೂ ಕಚ್ಚಿದವು. ಅವಳು ಇನ್ನಷ್ಟು ಬಾಗಿದಳು.

ಗಾದಿಲಿಂಗ ಮುಂಚೆ ನಾಟಿ ಮಾಡಿದ್ದ. ಅವನ ತೆನೆ ಹೊರಗೆ ಬಂದಿತ್ತು. ಮಧ್ಯಾಹ್ನದ ಬಿಸಿಲಿಗೆ ಅವಳ ಕಣ್ಣೆದುರೇ ಒಂದು ಹಸಿರು ಕಾಳು ಎರಡು ಹೋಳಾಗಿ ಬಾಯಿ ಬಿಟ್ಟಿತು. ಒಳಗಿನಿಂದ ಬಿಳಿ ಎಳೆಗಳು ಹೊರಬಂದು ತೂಗಾಡಿದವು. ಪಕ್ಕದ್ದು ತೆರೆಯಿತು. ಅದರ ಪಕ್ಕದ್ದೂ. ಇಷ್ಟು ವರ್ಷ ಭತ್ತ ಬೆಳೆದವಳು ಅದು ಹೂ ಬಿಡುವುದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಇಳಿಯಬಾರದ ದಿನಗಳಲ್ಲಿ ಅವಳು ಎಂದೂ ಇಳಿದಿರಲಿಲ್ಲ. ಉಸಿರು ತಾಗಿದರೆ ಮುಚ್ಚಿಕೊಂಡೀತೆಂದು ಅವಳು ಉಸಿರು ಬಿಗಿಹಿಡಿದಳು. ಒಂದು ತೆನೆ ಗಾಳಿಗೆ ಬಾಗಿ ಅವಳ ತಲೆಯ ಮೇಲೆ ಒರಗಿತು.

ಅವಳು ಕೈಯಲ್ಲಿದ್ದ ಕಡುಬನ್ನು ನೀರಿಗೇ ಬಿಟ್ಟಳು. ತಂಬಿಗೆ ಬಗ್ಗಿಸಿ, ತುಟಿಯೊಳಗೇ “ಸಲಾಂಬ್ರಿಗೋ” ಎಂದಳು.

“ಅಕ್ಕಾ!” ಅಕ್ಷಿತಾ ತಿರುಗಿ ಬಂದು ಗಡಿಕಲ್ಲಿನ ಬಳಿ ನಿಂತಿದ್ದಳು. “ಅಲ್ಲೇನು ಮಾಡಾಕತ್ತೀರಿ? ಏನೈತ್ರಿ ಅಲ್ಲಿ?”

ಸುಮಂಗಲಾ ಎದ್ದು ತೆನೆಗಳಿಗೆ ಅಡ್ಡ ನಿಂತಳು.

“ಏನಿಲ್ಲ. ಕೆಸರು.”

“ನಿಮ್ಮ ಗಲ್ಲಕ್ಕ ಬೆಳ್ಳಗ ಎಳಿಯಂಥಾದ್ದೇನೋ ಹತ್ತೈತಿ, ತಡೀರಿ ಒರಸ್ತೀನಿ.”

“ಬ್ಯಾಡ” ಎಂದು ಸುಮಂಗಲಾ ಮುಖ ತಿರುಗಿಸಿಕೊಂಡಳು. “ಅದು ನಂದು.”